ವಕೀಲ ಯಾರ ಮಾತು ಆಡಬೇಕು?

ಕನ್ನಡದಲ್ಲಿ ವಕೀಲ ಎಂದೊಡನೆ ಕಪ್ಪು ಕೋಟು ನೆನಪಾಗುತ್ತದೆ. ಅರಬಿಯಿಂದ ಹೊರಟು ಪಾರಸಿ, ಉರ್ದುಗಳನ್ನು ದಾಟಿ ನಮ್ಮಲ್ಲಿಗೆ ಬಂದ ಈ ಪದದ ಮೂಲ ಅರ್ಥ ಇನ್ನೂ ವಿಶಾಲವಾದುದು. ಒಬ್ಬರು ನಂಬಿ ತಮ್ಮ ಕೆಲಸವನ್ನು ಯಾರಿಗೆ ಒಪ್ಪಿಸುತ್ತಾರೋ ಅವನು ವಕೀಲ; ಹಾಗೆ ಒಪ್ಪಿಸುವುದು ವಕಾಲತ್. ಅಲ್ಲಾಹನಲ್ಲಿ ಭರವಸೆಯಿಡುವ 'ತವಕ್ಕುಲ್' ಕೂಡ ಇದೇ ಧಾತುವಿನಿಂದ ಬಂದದ್ದು. ಅಂದರೆ ನಂಬಿಕೆ ಮೊದಲು, ಅಧಿಕಾರ ಆಮೇಲೆ.

ಎಲ್ಲವನ್ನೂ ಹೀಗೆ ಒಪ್ಪಿಸಲು ಬರುವುದಿಲ್ಲ. ಇಸ್ಲಾಮಿನ ಕರ್ಮಶಾಸ್ತ್ರದ ಪ್ರಕಾರ ವ್ಯಾಪಾರ, ಸಾಲ ತೀರಿಸುವುದು, ಝಕಾತ್ ಹಂಚುವುದು ವಕೀಲನ ಮೂಲಕ ನಡೆಯಬಹುದು. ಹಜ್ಜಿಗೆ ಹೋಗುವಷ್ಟು ಶಕ್ತಿ ಮರಳಿ ಬರುವ ಆಸೆಯೇ ಇಲ್ಲದವರ ಪರವಾಗಿ ಇನ್ನೊಬ್ಬರು 'ಹಜ್ಜೆ ಬದಲ್' ಮಾಡಬಹುದು. ಆದರೆ ಒಬ್ಬರ ದಿನನಿತ್ಯದ ನಮಾಝನ್ನು ಮತ್ತೊಬ್ಬರು ಮಾಡಿ ಮುಗಿಸಲಾರರು. ಕೋರ್ಟಿನಲ್ಲೂ ವಕಾಲತ್‌ನಾಮೆಗೆ ಸಹಿ ಹಾಕಿ ವಾದವನ್ನು ಒಪ್ಪಿಸಬಹುದು; ಕಣ್ಣಾರೆ ಕಂಡದ್ದನ್ನು ಕಟಕಟೆಯಲ್ಲಿ ನಿಂತು ಹೇಳಬೇಕಾದವರು ಕಂಡವರೇ.

ನಿಕಾಹ್‌ನಲ್ಲಿ ಈ ಗೆರೆ ತೀರ ಸೂಕ್ಷ್ಮ. ವಕೀಲ ಇಬ್ಬರು ಸಾಕ್ಷಿಗಳೊಂದಿಗೆ ಹೆಣ್ಣಿನ ಬಳಿ ಹೋಗಿ, ವರನ ಹೆಸರು, ಮಹರ್ ಮೊತ್ತ ಹೇಳಿ ಒಪ್ಪಿಗೆ ಕೇಳುತ್ತಾನೆ. ಅವನು ಹೊತ್ತು ತರಬೇಕಾದದ್ದು ಅವಳ ಮಾತನ್ನು, ತನ್ನದನ್ನಲ್ಲ. ಕನ್ಯೆಯ ಮೌನವನ್ನು ಸಮ್ಮತಿಯೆಂದು ಎಣಿಸುವ ಹದೀಸ್ ಇದೆ, ನಿಜ. ಅದು ನಾಚಿಕೆಗೆ ಕೊಟ್ಟ ರಿಯಾಯಿತಿ. ಕೇಳದೆ ಇರಲು ಕೊಟ್ಟ ಪರವಾನಗಿಯಲ್ಲ. ತಂದೆ ತನ್ನ ಇಚ್ಛೆಗೆ ವಿರುದ್ಧವಾಗಿ ಮಾಡಿಸಿದ ನಿಕಾಹ್‌ನ ಬಗ್ಗೆ ಖನ್ಸಾ ಬಿಂತ್ ಖಿದಾಮ್ ದೂರಿದಾಗ ಪ್ರವಾದಿಯವರು (ಸ) ಅದನ್ನು ರದ್ದುಪಡಿಸಿದರೆಂದು ಬುಖಾರಿಯಲ್ಲಿದೆ. ಆದರೆ ಶಾದಿಮಹಲಿನ ಹಿಂದೆ ಬಿರಿಯಾನಿಯ ದೇಗು ಇಳಿಸಿ, ಮುಂದೆ ನೆಂಟರೆಲ್ಲ ಬಂದು ಕೂತ ಮೇಲೆ ಕೇಳುವ ಪ್ರಶ್ನೆಗೆ 'ಬೇಡ' ಎನ್ನುವ ಧೈರ್ಯ ಎಷ್ಟು ಹೆಣ್ಣುಮಕ್ಕಳಿಗಿದ್ದೀತು? ಒಪ್ಪಿಗೆ ಕೇಳುವುದು ಹೆಣ್ಣು ನೋಡುವ ದಿನವೇ ಆಗಬೇಕು.

ಕೇಳದೆಯೇ ಇನ್ನೊಬ್ಬರ ಪರ ಮಾತಿಗಿಳಿಯುವವರಿಗೆ ಕನ್ನಡದಲ್ಲಿ 'ನಿನಗ್ಯಾಕಪ್ಪಾ ವಕಾಲತ್ತು?' ಎನ್ನುತ್ತಾರೆ. ಜನರ ನಾಲಿಗೆ ಪದದ ತಿರುಳನ್ನು ಚೆನ್ನಾಗಿ ಹಿಡಿದಿದೆ. 2022ರಲ್ಲಿ ಹಿಜಾಬ್ ಪ್ರಶ್ನೆಯನ್ನು ಹೈಕೋರ್ಟಿಗೆ ಒಯ್ದವರು ವಿದ್ಯಾರ್ಥಿನಿಯರು. ಟಿವಿಯಲ್ಲಿ ಎರಡೂ ಕಡೆಯಿಂದ ಅವರ ಹೆಸರಿನಲ್ಲಿ ಗಂಟಲು ಹರಿದುಕೊಂಡವರಲ್ಲಿ ಎಷ್ಟು ಮಂದಿಗೆ ಆ ಹುಡುಗಿಯರು ವಕಾಲತ್ ಕೊಟ್ಟಿದ್ದರು?

ವಕಾಲತ್ ಕೊಟ್ಟವರು ಅದನ್ನು ಹಿಂದಕ್ಕೆ ಪಡೆಯಬಹುದು ಎಂಬುದು ಕರ್ಮಶಾಸ್ತ್ರದ ಸಾಮಾನ್ಯ ನಿಯಮ. ಮನೆಯಲ್ಲಾಗಲಿ ಸಮುದಾಯದಲ್ಲಾಗಲಿ, ಇನ್ನೊಬ್ಬರ ಪರ ಮಾತಾಡುವ ಮುನ್ನ ನಮ್ಮನ್ನು ನಾವು ಒಂದು ಮಾತು ಕೇಳಿಕೊಳ್ಳಬೇಕು: 'ಸಾಕು, ಇನ್ನು ನಾನೇ ಹೇಳುತ್ತೇನೆ' ಎಂದು ಅವರು ಎದ್ದರೆ, ನಾವು ಕೂರಲು ಸಿದ್ಧರಿದ್ದೇವೆಯೇ?