ಕಿಟಕಿಯ ನೆಟ್ ಇಳಿಯುವ ತನಕ

ಮೊದಲಿಗೆ ಒಂದು ತಪ್ಪೊಪ್ಪಿಗೆ. ಡೇಟೋನಾದಲ್ಲೋ ತಾಲಡೇಗಾದಲ್ಲೋ ನ್ಯಾಸ್ಕಾರ್ ರೇಸ್ ನಡೀತಿದೆ, ಇನ್ನು ಹತ್ತೇ ಸುತ್ತು ಬಾಕಿ ಅಂದಾಗ ನಾನು ಸೋಫಾದ ತುದಿಗೆ ಬಂದು ಕೂರುತ್ತೇನೆ. ಯಾರು ಗೆಲ್ತಾರೆ ಅನ್ನೋ ಕುತೂಹಲ ಇದ್ದೇ ಇರುತ್ತೆ. ಅದರ ಜೊತೆಗೆ ಇನ್ನೊಂದಕ್ಕೂ ಕಾಯ್ತಿರ್ತೀನಿ. ಮೂವತ್ತು-ನಲವತ್ತು ಕಾರುಗಳು ಮೈಗೆ ಮೈ ತಾಗಿಸಿಕೊಂಡು ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ಓಡುವಾಗ ಒಬ್ಬನ ಸ್ಟೀರಿಂಗ್ ಚೂರು ಅಲುಗಿದರೂ ಸಾಕು, ಹಿಂದಿರುವ ಹತ್ತು ಹದಿನೈದು ಕಾರುಗಳು ಗುಡ್ಡೆ ಬೀಳುತ್ತವೆ. ಅಭಿಮಾನಿಗಳು ಇದಕ್ಕೆ ಒಂದು ಹೆಸರನ್ನೇ ಇಟ್ಟಿದ್ದಾರೆ: 'ದ ಬಿಗ್ ಒನ್'. ಅದು ಆಗಬಾರದು ಅಂತ ಬಾಯಲ್ಲಿ ಹೇಳ್ತೀವಿ. ಆಗದೇ ರೇಸ್ ಮುಗಿದರೆ "ಯಾಕೋ ಇವತ್ತು ಸಪ್ಪೆ" ಅಂತಲೂ ನಾವೇ ಹೇಳ್ತೀವಿ.

ನನಗೆ ಈ ಹುಚ್ಚು ಹಿಡಿದದ್ದು ಶಾರ್ಲೆಟ್‌ಗೆ ಕೆಲಸಕ್ಕೆ ಬಂದ ಮೇಲೆ. ಇಲ್ಲಿನ ಬ್ಯಾಂಕುಗಳ ಐಟಿ ವಿಭಾಗದಲ್ಲಿ ನಮ್ಮ ಕಡೆಯವರು ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ವಾರಾಂತ್ಯ ಅಂದ್ರೆ ಕ್ರಿಕೆಟ್. ಆದರೆ ಈ ಊರಿಗೆ ಅದರದೇ ಒಂದು ಧರ್ಮ ಇದೆ. ನ್ಯಾಸ್ಕಾರ್ ತಂಡಗಳ ವರ್ಕ್‌ಶಾಪ್‌ಗಳಲ್ಲಿ ಹೆಚ್ಚಿನವು ಇಲ್ಲೇ ಸುತ್ತಮುತ್ತ, ಮೂರ್ಸ್‌ವಿಲ್, ಕಾಂಕಾರ್ಡ್ ಕಡೆ ಇವೆ. ಫೆಬ್ರವರಿಯಿಂದ ನವೆಂಬರ್‌ವರೆಗೆ 36 ರೇಸ್. ಭಾನುವಾರ ಓಟ, ಸೋಮವಾರ ಆಫೀಸಿನ ಕಾಫಿ ಮೆಷಿನ್ ಹತ್ತಿರ ಅದರ ಪೋಸ್ಟ್‌ಮಾರ್ಟಂ, ವಾರದ ಮಧ್ಯೆ ಯಾವ ತಂಡಕ್ಕೆ ಏನು ದಂಡ ಬಿತ್ತು ಅನ್ನೋ ಸುದ್ದಿ, ಶನಿವಾರ ಕ್ವಾಲಿಫೈಯಿಂಗ್. ಊರಿಗೆ ಹೊಸಬನಾಗಿದ್ದ ನನಗೆ ಪಕ್ಕದ ಸೀಟಿನವರ ಜೊತೆ ಮಾತಾಡಲು ಸಿಕ್ಕ ಮೊದಲ ಭಾಷೆ ಇದೇ.

ಈಗ ಆ ರಾತ್ರಿಯ ಕಥೆ. 2020ರ ಫೆಬ್ರವರಿ 17, ಡೇಟೋನಾ 500. ಭಾನುವಾರ ಮಳೆ ಬಂದದ್ದರಿಂದ ಸೋಮವಾರಕ್ಕೆ ಮುಂದೂಡಿದ್ದರು. ಕೊನೆಯ ಸುತ್ತಿನಲ್ಲಿ ರಯಾನ್ ನ್ಯೂಮನ್ ಮುಂದಿದ್ದರು. ಗೆರೆ ಇನ್ನೇನು ಕಣ್ಣೆದುರಿಗೇ ಇದೆ ಅನ್ನುವಾಗ ಹಿಂದಿನಿಂದ ರಯಾನ್ ಬ್ಲೇನಿಯ ಕಾರು ತಾಗಿತು. ನ್ಯೂಮನ್ ಕಾರು ತಿರುಗಿ ಗೋಡೆಗೆ ಬಡಿದು ಮಗುಚಿ ಗಾಳಿಗೆ ಹಾರಿತು. ವೇಗದಲ್ಲಿ ಬರುತ್ತಿದ್ದ ಇನ್ನೊಂದು ಕಾರು ನೇರವಾಗಿ ಚಾಲಕನ ಬದಿಗೇ ಗುದ್ದಿತು. ಅಷ್ಟರಲ್ಲಿ ಡೆನಿ ಹ್ಯಾಮ್ಲಿನ್ ಒಂದು ಸೆಕೆಂಡಿನ ನೂರನೇ ಒಂದು ಭಾಗದಷ್ಟು ಅಂತರದಲ್ಲಿ ಗೆದ್ದಿದ್ದರು.

ನಾನು ಎದ್ದು ನಿಂತು ಕಿರುಚಿದೆ. ಅದು ಭಯದ ಕಿರುಚಾಟ ಆಗಿತ್ತು ಅಂತ ಬರೆದರೆ ಸುಳ್ಳಾಗುತ್ತೆ. ಆ ದೃಶ್ಯವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಕಾಲೇಜಿನ ಗೆಳೆಯರ ಗುಂಪಿಗೆ "ಸಿನಿಮಾ ಏನೂ ಅಲ್ಲ, ಇದನ್ನ ನೋಡಿ!" ಅಂತ ಹಾಕಿದೆ. ಅದೇ ಉಮೇದಿನಲ್ಲಿ ಅಪ್ಪನಿಗೂ ಕಳಿಸಿದೆ.

ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿದ್ದವರು. ಶಿರಾಡಿ ಘಾಟಿಯಲ್ಲಿ ಮಳೆಗಾಲದ ರಾತ್ರಿಗಳನ್ನು ಕಳೆದವರು. ಊರಲ್ಲಿ ಆಗ ಬೆಳಿಗ್ಗೆ ಏಳು ಗಂಟೆ. ಕಾಫಿ ಕುಡೀತಾ ವಿಡಿಯೋ ನೋಡಿರಬೇಕು, ಫೋನ್ ಮಾಡಿದರು.

"ಅದ್ಸರಿ, ಆ ಡ್ರೈವರ್ ಹೆಂಗಿದಾನೆ?"

"ಇನ್ನೂ ಗೊತ್ತಾಗಿಲ್ಲ ಅಪ್ಪ. ಆಸ್ಪತ್ರೆಗೆ ಕರ್ಕೊಂಡು ಹೋದ್ರು."

ಒಂದು ಕ್ಷಣ ಸುಮ್ಮನಿದ್ದರು. "ಅದು ಗೊತ್ತಾಗೋಕೆ ಮುಂಚೆ ನಂಗ್ಯಾಕೆ ಕಳಿಸ್ದೆ?"

ಬೈಗುಳ ಅಲ್ಲ, ಬರೀ ಪ್ರಶ್ನೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಟಿವಿಯಲ್ಲಿ ನ್ಯೂಮನ್ ಕಾರಿನ ಸುತ್ತ ಕಪ್ಪು ಪರದೆ ಹಿಡಿದದ್ದನ್ನು ತೋರಿಸಿದ್ದರು. ಸುಮಾರು ಎರಡು ಗಂಟೆ ಯಾವ ಸುದ್ದಿಯೂ ಇಲ್ಲ. ಆ ಎರಡು ಗಂಟೆ ನಾನು ಫೋನ್ ರಿಫ್ರೆಶ್ ಮಾಡ್ತಾ ಕೂತೆ. ಗುಂಪಿನಲ್ಲಿ ನನ್ನ ವಿಡಿಯೋಗೆ ಬೆಂಕಿಯ ಇಮೋಜಿಗಳು ಬೀಳ್ತಾನೇ ಇದ್ದವು. ಕೊನೆಗೆ ಪ್ರಕಟಣೆ ಬಂತು: ಸ್ಥಿತಿ ಗಂಭೀರ, ಆದರೆ ಪ್ರಾಣಾಪಾಯ ಇಲ್ಲ. ಬುಧವಾರ ನ್ಯೂಮನ್ ತನ್ನ ಇಬ್ಬರು ಹೆಣ್ಣುಮಕ್ಕಳ ಕೈ ಹಿಡಿದುಕೊಂಡು ಆಸ್ಪತ್ರೆಯಿಂದ ನಡೆದುಕೊಂಡೇ ಹೊರಗೆ ಬಂದ ಫೋಟೋ ಬಂತು. ನಿಜಕ್ಕೂ ಕಣ್ಣು ತುಂಬಿತು. ಆಮೇಲೆ ನಾನು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಅಪಘಾತದ ವಿಡಿಯೋವನ್ನು ಮತ್ತೆ ನೋಡಿದ್ದು. ಈಗ ಪರವಾಗಿಲ್ಲ, ನೋಡಬಹುದು ಅನ್ನೋ ಹಾಗೆ.

ಅಂದಿನಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಇನ್ನೊಬ್ಬರ ಅಪಾಯವನ್ನು ನೋಡಿ ಖುಷಿಪಡುವವನು ಆ ಅಪಾಯದಲ್ಲಿ ಪಾಲುದಾರನೇ?

ಲಾಯರ್ ಥರ ವಾದ ಮಾಡೋದು ನನಗೆ ಬರುತ್ತೆ. ಮೊದಲ ವಾದ: ಅವರು ಗೊತ್ತಿದ್ದೇ ಒಪ್ಪಿಕೊಂಡು ಬಂದವರು, ಲಕ್ಷಾಂತರ ಡಾಲರ್ ಸಂಪಾದಿಸುವವರು. ಎರಡನೆಯದು: ನಾನು ನೋಡಿದರೂ ನೋಡದಿದ್ದರೂ ರೇಸ್ ನಡೆಯುತ್ತೆ, ನನ್ನ ಸೋಫಾದಿಂದ ಯಾವ ಕಾರೂ ಮಗುಚಿಲ್ಲ.

ಎರಡನೆಯ ವಾದ ನನಗೂ ಹಿಡಿಸಿತ್ತು, ಹಳೆಯ ಇತಿಹಾಸ ಓದುವ ತನಕ. 1987ರಲ್ಲಿ ತಾಲಡೇಗಾದಲ್ಲಿ ಬಾಬಿ ಆಲಿಸನ್ ಅವರ ಕಾರು ಹಾರಿ ಪ್ರೇಕ್ಷಕರ ಮುಂದಿನ ತಂತಿಬೇಲಿಯನ್ನು ಹರಿದುಹಾಕಿತು. ನೋಡಲು ಬಂದವರಿಗೆ ಗಾಯವಾಯಿತು. ಆಮೇಲೆ ವೇಗ ಕಡಿಮೆ ಮಾಡಲೆಂದು 1988ರಿಂದ ಈ ಎರಡು ದೊಡ್ಡ ಟ್ರ್ಯಾಕ್‌ಗಳಲ್ಲಿ ಎಂಜಿನ್‌ಗೆ ಹೋಗುವ ಗಾಳಿಯನ್ನು ತಡೆಯುವ ಒಂದು ಪ್ಲೇಟ್ ಕಡ್ಡಾಯವಾಯಿತು. ವೇಗ ಇಳಿಯಿತು. ಆದರೆ ಎಲ್ಲರ ವೇಗವೂ ಹೆಚ್ಚುಕಡಿಮೆ ಒಂದೇ ಆಗಿ, ಯಾರಿಗೂ ಯಾರನ್ನೂ ಬಿಟ್ಟು ಮುಂದೆ ಹೋಗಲಾಗದೆ ಕಾರುಗಳೆಲ್ಲ ಒಂದೇ ಗುಂಪಾಗಿ ಓಡತೊಡಗಿದವು. 'ಬಿಗ್ ಒನ್' ಹುಟ್ಟುವುದು ಆ ಗುಂಪಿನಲ್ಲೇ. ಅಂದರೆ, ನೋಡುವವರನ್ನು ಕಾಪಾಡಲು ತಂದ ನಿಯಮ ಓಡಿಸುವವರನ್ನು ಇನ್ನೊಂದು ಅಪಾಯಕ್ಕೆ ದೂಡಿತು. ಆ ಗುಂಪಿನ ಓಟ ನಮಗೆ ಎಷ್ಟು ಇಷ್ಟವಾಯಿತೆಂದರೆ, ಮುಂದಿನ ರೇಸಿನ ಜಾಹೀರಾತಿನಲ್ಲೇ ಹಿಂದಿನ ಅಪಘಾತದ ತುಣುಕು ಹಾಕ್ತಾರೆ. ನನ್ನ ಸೋಫಾ ಅಷ್ಟೇನೂ ದೂರದಲ್ಲಿಲ್ಲ.

ಮೂರನೆಯ ವಾದ ಎಲ್ಲಕ್ಕಿಂತ ಬಲವಾದದ್ದು: "ಈಗ ಯಾರೂ ಸಾಯಲ್ಲ ಬಿಡು." ನಿಜ, 2001ರ ನಂತರ ಕಪ್ ಸರಣಿಯ ರೇಸಿನಲ್ಲಿ ಯಾವ ಚಾಲಕನೂ ಸತ್ತಿಲ್ಲ. ಆದರೆ ಈ ನೆಮ್ಮದಿಯ ಬಿಲ್ ಯಾರು ಕಟ್ಟಿದರು? 2000ದ ಮೇ ತಿಂಗಳಲ್ಲಿ 19 ವರ್ಷದ ಆಡಮ್ ಪೆಟಿ. ಎರಡು ತಿಂಗಳ ನಂತರ ಅದೇ ನ್ಯೂ ಹ್ಯಾಂಪ್‌ಶೈರ್ ಟ್ರ್ಯಾಕಿನಲ್ಲಿ ಕೆನಿ ಅರ್ವಿನ್. ಅಕ್ಟೋಬರ್‌ನಲ್ಲಿ ಟೆಕ್ಸಾಸ್‌ನಲ್ಲಿ ಟೋನಿ ರೋಪರ್. 2001ರ ಫೆಬ್ರವರಿ 18ರಂದು ಡೇಟೋನಾದ ಕೊನೆಯ ಸುತ್ತಿನಲ್ಲಿ ಡೇಲ್ ಅರ್ನ್‌ಹಾರ್ಟ್. ತಲೆ ಮತ್ತು ಕುತ್ತಿಗೆಯನ್ನು ಹಿಡಿದಿಡುವ 'ಹ್ಯಾನ್ಸ್' ಎಂಬ ಸಾಧನವನ್ನು 1980ರ ದಶಕದಲ್ಲೇ ಕಂಡುಹಿಡಿದಿದ್ದರು. ಅಂಥ ಸಾಧನ ನ್ಯಾಸ್ಕಾರ್‌ನಲ್ಲಿ ಕಡ್ಡಾಯವಾದದ್ದು 2001ರ ಅಕ್ಟೋಬರ್‌ನಲ್ಲಿ.

ಅರ್ನ್‌ಹಾರ್ಟ್ ನಮ್ಮ ಪಕ್ಕದ ಕನಾಪೊಲಿಸ್ ಊರಿನವರು. ನಮ್ಮ ಟೀಮಿನ ಹಿರಿಯರೊಬ್ಬರ ಕಾಫಿ ಮಗ್ ಮೇಲೆ ಇವತ್ತಿಗೂ ಅವರ 3ನೇ ನಂಬರ್ ಇದೆ. ಅವರು ಒಮ್ಮೆ ಹೇಳಿದ್ದು: "ನೋಡಿದಾಗ ಅದು ಅಪಘಾತದ ಥರಾನೇ ಕಾಣಲಿಲ್ಲ. ಇದಕ್ಕಿಂತ ಕೆಟ್ಟದ್ದರಿಂದ ಎಷ್ಟೋ ಸಲ ಎದ್ದು ಬಂದಿದ್ದ." ಆಮೇಲೆ ಅಭಿಮಾನಿಗಳು ಏನು ಮಾಡಿದರು? ಅರ್ನ್‌ಹಾರ್ಟ್ ಕಾರಿಗೆ ತನ್ನ ಕಾರು ತಾಗಿತ್ತು ಅನ್ನುವ ಕಾರಣಕ್ಕೆ ಸ್ಟರ್ಲಿಂಗ್ ಮಾರ್ಲಿನ್ ಎಂಬ ಚಾಲಕನಿಗೆ ಕೊಲೆ ಬೆದರಿಕೆ ಹಾಕಿದರು. ಅರ್ನ್‌ಹಾರ್ಟ್ ಅವರ ಮಗನೇ ಮುಂದೆ ಬಂದು ಅವನದೇನೂ ತಪ್ಪಿಲ್ಲ ಎಂದು ಹೇಳಬೇಕಾಯಿತು. ನಮ್ಮನ್ನು ಬಿಟ್ಟು ಉಳಿದವರಲ್ಲೆಲ್ಲ ಅಪರಾಧಿಯನ್ನು ಹುಡುಕುವುದು ಎಷ್ಟು ಸುಲಭ ನೋಡಿ.

ಆ ಹಿರಿಯರ ಮಾತು ನನಗೆ ಪೂರ್ತಿ ಅರ್ಥವಾದದ್ದು 2022ರಲ್ಲಿ. ಆ ಅಕ್ಟೋಬರ್‌ನಲ್ಲಿ ಮಾರ್ಟಿನ್ಸ್‌ವಿಲ್‌ನ ಕೊನೆಯ ಸುತ್ತಿನಲ್ಲಿ ರಾಸ್ ಚಾಸ್ಟೇನ್ ಕಾರನ್ನು ಬೇಕೆಂದೇ ಗೋಡೆಗೆ ಆನಿಸಿ, ಆಕ್ಸಲರೇಟರ್ ಒತ್ತಿ ಹಿಡಿದು, ಐದು ಕಾರುಗಳನ್ನು ಹಿಂದೆ ಹಾಕಿದರು. ವಿಡಿಯೋ ಗೇಮ್ ಇದ್ದ ಹಾಗಿತ್ತು. ಲೋಕವೆಲ್ಲ ನೋಡಿತು, ಚಾಸ್ಟೇನ್‌ಗೆ ಏನೂ ಆಗಲಿಲ್ಲ. ಅದೇ ವರ್ಷ ಜುಲೈನಲ್ಲಿ ಪೊಕೊನೋದ ಕ್ವಾಲಿಫೈಯಿಂಗ್‌ನಲ್ಲಿ ಕರ್ಟ್ ಬುಶ್ ಕಾರು ತಿರುಗಿ ಗೋಡೆಗೆ ಹೊಡೆದಿತ್ತು. ನಾನು ಆ ಸುದ್ದಿಯನ್ನು ಬೆರಳಲ್ಲಿ ಮೇಲಕ್ಕೆ ತಳ್ಳಿ ಮುಂದೆ ಹೋಗಿದ್ದೆ, ಅಂಥದ್ದು ವಾರಕ್ಕೊಂದು ಆಗುತ್ತೆ. ತಲೆಗೆ ಬಿದ್ದ ಆ ಪೆಟ್ಟಿನ ನಂತರ ಬುಶ್ ಮತ್ತೆ ಕಪ್ ರೇಸ್ ಓಡಿಸಲೇ ಇಲ್ಲ, ಮುಂದಿನ ವರ್ಷ ನಿವೃತ್ತಿ ಘೋಷಿಸಿದರು. ಹೊಸ ಮಾದರಿಯ ಕಾರಿನ ಹಿಂಭಾಗ ತೀರಾ ಗಟ್ಟಿಯಾಗಿದೆ, ಪೆಟ್ಟು ನೇರ ಚಾಲಕನ ಮೈಗೇ ಬರುತ್ತೆ ಅನ್ನೋ ದೂರು ಆ ಸೀಸನ್ ಪೂರ್ತಿ ಇತ್ತು. 2023ಕ್ಕೆ ಅದನ್ನು ಬದಲಾಯಿಸಿದರು.

ನನಗೆ ನಾಚಿಕೆ ಆದದ್ದು ಇಲ್ಲಿ. ನನ್ನ ಕಣ್ಣು ಅಪಘಾತವನ್ನು ಅಳೆಯುತ್ತಿದ್ದದ್ದು ನೋಟದ ಲೆಕ್ಕದಲ್ಲಿ. ಎಷ್ಟು ಪಲ್ಟಿ, ಎಷ್ಟು ಕಿಡಿ, ಎಷ್ಟು ಹೊಗೆ. ಒಳಗೆ ಕೂತವನ ಲೆಕ್ಕ ಬೇರೆಯೇ. ರೇಸ್ ನೋಡಿದ್ದಕ್ಕಿಂತ, ಒಳಗೊಬ್ಬ ಇದ್ದಾನೆ ಅನ್ನುವುದನ್ನೇ ಮರೆತು ನೋಡಿದ್ದು ನನ್ನ ತಪ್ಪು.

ಬಿಟ್ಟುಬಿಡಬಹುದಿತ್ತು. ಪ್ರಯತ್ನವನ್ನೂ ಮಾಡಿದೆ, ಮೂರು ವಾರ ನಡೀತು. ನ್ಯೂಮನ್ ಅವರೇ ಆ ವರ್ಷ ಮೇ ತಿಂಗಳಲ್ಲಿ, ಕೋವಿಡ್‌ನಿಂದಾಗಿ ಒಬ್ಬ ಪ್ರೇಕ್ಷಕನೂ ಇಲ್ಲದ ಡಾರ್ಲಿಂಗ್ಟನ್‌ನಲ್ಲಿ ಮತ್ತೆ ಸ್ಟೀರಿಂಗ್ ಹಿಡಿದಿದ್ದರಲ್ಲ. ಅವರಿಗೆ ಈ ಓಟ ಬೇಕು, ನನಗೂ ಬೇಕು. ಕೊನೆಯ ಹತ್ತು ಸುತ್ತಿನಲ್ಲಿ ಎದೆ ಹೊಡೆದುಕೊಳ್ಳುವುದನ್ನು ನಿಲ್ಲಿಸಲು ನನ್ನಿಂದಾಗದು. ಆದರೆ ಎದೆ ಹೊಡೆದುಕೊಂಡ ಮೇಲೆ ಏನು ಮಾಡ್ತೀನಿ ಅನ್ನೋದು ನನ್ನ ಕೈಯಲ್ಲೇ ಇದೆ. ಅಭಿಮಾನಿ ಅನ್ನಿಸಿಕೊಳ್ಳಬೇಕಾದರೆ ಭಾನುವಾರದ ಹೈಲೈಟ್ ಮಾತ್ರ ಸಾಲದು. ಬುಧವಾರದ ಬೋರಿಂಗ್ ಸುದ್ದಿಯನ್ನೂ ಓದಬೇಕು: ಆಸ್ಪತ್ರೆಯ ಎರಡು ಸಾಲಿನ ಪ್ರಕಟಣೆ, ಕಾರಿನ ಚೌಕಟ್ಟಿನಲ್ಲಿ ಆದ ಬದಲಾವಣೆ, ಚಾಲಕರ ದೂರು. ನ್ಯೂಮನ್ ಹಿಂದೊಮ್ಮೆ ತಾಲಡೇಗಾದಲ್ಲಿ ಮಗುಚಿ ಬಿದ್ದ ಮೇಲೆ ಛಾವಣಿ ಗಟ್ಟಿಯಾಗಬೇಕು ಎಂದು ಪಟ್ಟು ಹಿಡಿದಿದ್ದರು. ಕಾರಿನ ಪಂಜರಕ್ಕೆ ಸೇರಿಸಿದ ಆ ಕಂಬಿಗೆ ಇವತ್ತು 'ನ್ಯೂಮನ್ ಬಾರ್' ಎಂದೇ ಹೆಸರು. 2020ರಲ್ಲಿ ಅದು ಅವರ ತಲೆಯ ಮೇಲೇ ಇತ್ತು. ಇದನ್ನು ನಾನು ತಿಳಿದುಕೊಂಡದ್ದು ಎಷ್ಟೋ ದಿನಗಳ ನಂತರ. ವಿಡಿಯೋ ಮಾತ್ರ ಎರಡೇ ನಿಮಿಷದಲ್ಲಿ ಫಾರ್ವರ್ಡ್ ಮಾಡಿದ್ದೆ.

ಸ್ಟಾಕ್ ಕಾರಿನಲ್ಲಿ ಚಾಲಕನ ಕಿಟಕಿಗೆ ಗಾಜು ಇರುವುದಿಲ್ಲ, ಒಂದು ನೆಟ್ ಇರುತ್ತೆ. ಅಪಘಾತವಾದ ಮೇಲೆ ಚಾಲಕ ಒಳಗಿನಿಂದ ಆ ನೆಟ್ ಇಳಿಸಿದರೆ "ನಾನು ಚೆನ್ನಾಗಿದ್ದೀನಿ" ಅಂತ ಅರ್ಥ. ಈಗ ನನ್ನ ನಿಯಮ ಇಷ್ಟೇ: ನೆಟ್ ಇಳಿಯುವ ತನಕ ಫೋನ್ ಮುಟ್ಟಲ್ಲ. ರೀಪ್ಲೇ ಬಂದರೂ ನಾನು ನೋಡುವುದು ಆ ಕಿಟಕಿಯನ್ನು. ಇದೇನು ದೊಡ್ಡ ಪ್ರಾಯಶ್ಚಿತ್ತವಲ್ಲ, ಗೊತ್ತು.

ನಮ್ಮ ಮನೆಯ ಶೋಕೇಸ್‌ನಲ್ಲಿ ಅಪ್ಪನ ಬೆಳ್ಳಿ ಪದಕ ಇದೆ, ಅಪಘಾತರಹಿತ ಸೇವೆಗೆ ಕೊಟ್ಟದ್ದು. ಚಿಕ್ಕವನಿದ್ದಾಗ ಏನೂ ಆಗದೇ ಇದ್ದದ್ದಕ್ಕೆ ಪದಕ ಯಾಕೆ ಅಂತ ನಗ್ತಿದ್ದೆ. ಈಗ ಅಪ್ಪನಿಗೂ ರೇಸಿನ ರುಚಿ ಹತ್ತಿದೆ. ಆದರೆ ಬೆಳಿಗ್ಗೆ ಫೋನ್ ಮಾಡಿದಾಗ ಯಾರು ಗೆದ್ದರು ಅಂತ ಮೊದಲು ಕೇಳುವುದಿಲ್ಲ.

"ಎಲ್ರೂ ನೆಟ್ ಇಳಿಸಿದ್ರಾ?"

"ಇಳಿಸಿದ್ರು ಅಪ್ಪ."

"ಹಂಗಾದ್ರೆ ಹೇಳು, ಏನೇನಾಯ್ತು?"