ಬೋಧಿಸಬಂದ ಅತಿಥಿ

ತಾಯಿತಂದೆಗಳನ್ನೂ ಹುಟ್ಟಿದ ನಾಡನ್ನೂ ಬಿಟ್ಟು, ಕಡಲನ್ನು ದಾಟಿ, ನಮ್ಮ ನುಡಿಯನ್ನಾಗಲಿ ನಡೆಯನ್ನಾಗಲಿ ಅರಿಯದೆ, ತಾನು ಸತ್ಯವೆಂದು ನಂಬಿದುದನ್ನು ನಮಗೂ ಅರುಹಬೇಕೆಂಬ ಒಂದೇ ಹಂಬಲದಿಂದ ನಮ್ಮ ಬಾಗಿಲಿಗೆ ಬಂದು ನಿಂತ ಹರೆಯದ ಧರ್ಮಪ್ರಚಾರಕನನ್ನು ನಾವು ಹೇಗೆ ಬರಮಾಡಿಕೊಳ್ಳಬೇಕು? ಅತಿಥಿಯನ್ನು ದೇವರೆಂದು ಭಾವಿಸಬೇಕೆಂಬುದು ನಮ್ಮ ಪೂರ್ವಿಕರ ವಿಧಿ; ಅವರಿಂದ ಬಂದ ಧರ್ಮವನ್ನು ಕಾಪಾಡಿಕೊಳ್ಳಬೇಕೆಂಬುದೂ ಅವರದೇ ವಿಧಿ. ಮಿಕ್ಕ ಅತಿಥಿಗಳು ಬಂದಾಗ ಈ ಎರಡು ವಿಧಿಗಳ ನಡುವೆ ವಿರೋಧವೇನೂ ತೋರದು. ನಮ್ಮನ್ನು ಬದಲಿಸಬೇಕೆಂದೇ ಬಂದವನ ಮುಂದೆ ಮಾತ್ರ ಅವು ಎದುರುಬದುರಾಗಿ ನಿಲ್ಲುತ್ತವೆ. ಆಗ ಯಾವುದನ್ನು ಬಿಡಬೇಕು? ಯಾವುದನ್ನೂ ಬಿಡಬೇಕಾಗಿಲ್ಲವೆಂಬುದು ನನ್ನ ದೃಢವಾದ ನಂಬಿಕೆ. ಅದಕ್ಕೆ ಆಧಾರಗಳು ವಿಜಯಪುರದ ಈ ನೆಲದಲ್ಲಿಯೇ ಇವೆ.

ಇಲ್ಲಿಯ ಸುಲ್ತಾನ ಒಂದನೆಯ ಅಲಿ ಆದಿಲ್‌ಶಹನು 1561ರಲ್ಲಿ ಗೋವೆಯ ಆರ್ಚ್‌ಬಿಷಪ್ಪರಿಗೆ ಹೇಳಿಕಳುಹಿಸಿ, ವಿದ್ವಾಂಸರಾದ ಪಾದ್ರಿಗಳನ್ನು ತನ್ನ ರಾಜಧಾನಿಗೆ ಕರೆಸಿಕೊಂಡನು. ಜೆಸ್ಯೂಟ್ ಸಂಘದ ಗೊನ್ಸಾಲೊ ರೊಡ್ರಿಗಸ್, ಡೊಮಿನಿಕನ್ ಸಂಘದ ಆಂಟೋನಿಯೊ ಪೆಗಾಡೊ ಎಂಬವರು ಅಂದು ಇಲ್ಲಿಗೆ ಬಂದರು. ಅಕ್ಬರನ ಆಹ್ವಾನವನ್ನು ಮನ್ನಿಸಿ ಜೆಸ್ಯೂಟರ ಮೊದಲ ತಂಡವು ಫತೇಪುರ ಸಿಕ್ರಿಯನ್ನು ಮುಟ್ಟಿದುದು 1580ರಲ್ಲಿ. ಅದಕ್ಕಿಂತ ಎರಡು ದಶಕಗಳಷ್ಟು ಹಿಂದೆಯೇ ವಿಜಯಪುರವು ಇಂಥ ಅತಿಥಿಗಳಿಗೆ ಆಸನವಿತ್ತಿತ್ತು. ಅರಸನು ಕ್ರೈಸ್ತನಾಗಲಿಲ್ಲ. ಆದರೆ ಅನ್ಯಮತದವರು ತಾವಾಗಿ ಬಂದಾಗ ಸಹಿಸಿಕೊಳ್ಳುವುದು ಒಂದು ಗುಣವಾದರೆ, ಅವರನ್ನು ಕರೆಸಿ, ಕೂರಿಸಿ, ನಿಮ್ಮ ಮತವೇನೆಂದು ಕೇಳುವುದು ಅದಕ್ಕಿಂತ ಮೇಲಾದ ಗುಣವಲ್ಲವೆ? ಕೇಳುವವನಿಗೆ ತನ್ನ ನೆಲೆಯಲ್ಲಿ ಧೈರ್ಯವಿರಬೇಕು.

ಅದಕ್ಕೂ ಮೊದಲು, ಹದಿನೈದನೆಯ ಶತಮಾನದ ಕಡೆಗಾಲದಲ್ಲಿ, ವಿಜಯಪುರದ ಹೊರವಲಯದ ಶಹಾಪುರ ದಿಬ್ಬದ ಮೇಲೆ ನೆಲೆನಿಂತ ಸೂಫಿ ಸಂತ ಮೀರಾಂಜಿ ಶಮ್ಸುಲ್ ಉಶ್ಶಾಕರು, ಅರಬ್ಬಿ ಫಾರಸಿಗಳನ್ನರಿಯದ ಜನಕ್ಕೆ ತಮ್ಮ ಮಾತು ಮುಟ್ಟಲೆಂದು, ಪಂಡಿತರ ಭಾಷೆಯನ್ನು ಬದಿಗಿಟ್ಟು ದಖ್ಖನಿಯಲ್ಲಿ ಬರೆದರು. ಮುಂದೆ ಇಲ್ಲಿಯ ಸೂಫಿಗಳ ಹೆಸರಿನಲ್ಲಿ ಚಕ್ಕಿನಾಮಾ ಎಂಬ ಹಾಡುಗಳು ಹುಟ್ಟಿಕೊಂಡುದೂ ಹೀಗೆಯೇ: ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳು ದಣಿವನ್ನು ಮರೆಯಲು ಹಾಡಿಕೊಳ್ಳುವ ಧಾಟಿಯಲ್ಲಿಯೇ ದೇವನಾಮವೂ ಗುರುಮಹಿಮೆಯೂ ಸೇರಿಕೊಂಡವು. ತಿಕೋಟೆ ಬಬಲೇಶ್ವರಗಳ ಸುತ್ತಿನ ಹಳ್ಳಿಗಳಲ್ಲಿ ಬೀಸುವ ಪದಗಳನ್ನು ಕೇಳುತ್ತ ಬೆಳೆದವರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೋಧಿಸಬಂದವನು ಮೊದಲು ಶಿಷ್ಯನಾಗಬೇಕಾಯಿತು. ಜೋಳ ಬೀಸುವ ತಾಯಂದಿರೇ ಅವನಿಗೆ ಗುರುಗಳಾದರು.

ಬಾಸೆಲ್ ಮಿಶನ್ನಿನ ವೃತ್ತಾಂತವೂ ಇದನ್ನೇ ಸಾರುತ್ತದೆ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡದಲ್ಲಿಯೂ, ಜಿಲ್ಲೆಯ ಕಚೇರಿಗಳು ಕಲಾದಗಿಯಿಂದ ಇಲ್ಲಿಗೆ ಬಂದ 1885ರ ಸುಮಾರಿಗೆ ವಿಜಯಪುರದಲ್ಲಿಯೂ ಆ ಮಿಶನ್ನಿನ ಕೇಂದ್ರವಾಯಿತು. ಹೆರ್ಮನ್ ಮೋಗ್ಲಿಂಗನು 1836ರಲ್ಲಿ ಬಂದಾಗ ಅವನಿಗೆ 25 ವರ್ಷ. ಫರ್ಡಿನಾಂಡ್ ಕಿಟ್ಟೆಲನು 1853ರಲ್ಲಿ ಬಂದಾಗ ಕೇವಲ 21. ಬೋಧಿಸುವ ಆತುರ ತುಂಬಿದ್ದ ಈ ತರುಣರನ್ನು ಎದುರಿಗೆ ಕೂರಿಸಿಕೊಂಡು, ಅಕ್ಷರವನ್ನು ತಿದ್ದಿಸಿ, ಉಚ್ಚಾರವನ್ನು ಸರಿಪಡಿಸಿ, ಹಳೆಯ ಕಾವ್ಯಗಳ ಅನ್ವಯವನ್ನು ಹೇಳಿಕೊಟ್ಟವರು ನಮ್ಮ ಮುನ್ಷಿಗಳೂ ಪಂಡಿತರೂ ಆಗಿದ್ದರು. ಅವರಲ್ಲಿ ಬಹುಮಂದಿ ತಮ್ಮ ಮತವನ್ನು ಬಿಡಲಿಲ್ಲ. ವಿದ್ಯೆಯನ್ನು ಬಚ್ಚಿಡಲೂ ಇಲ್ಲ. ಅದರ ಫಲವನ್ನು ನೋಡಿರಿ: ಯೇಸುವಿನ ವಾರ್ತೆಯನ್ನು ಹೇಳಬಂದ ಮೋಗ್ಲಿಂಗನೇ, ಇದೇ ಜಿಲ್ಲೆಯ ಬಾಗೇವಾಡಿಯ ಬಸವಣ್ಣನ ಕಥೆಯಾದ ಬಸವಪುರಾಣವನ್ನೂ ಹರಿದಾಸರ ಪದಗಳನ್ನೂ ತನ್ನ ಗ್ರಂಥಮಾಲೆಯಲ್ಲಿ ಅಚ್ಚು ಹಾಕಿಸಿದನು; ಕಿಟ್ಟೆಲನು 1894ರಲ್ಲಿ ಕನ್ನಡ-ಇಂಗ್ಲಿಷ್ ಮಹಾನಿಘಂಟನ್ನು ನಮ್ಮ ಕೈಗಿತ್ತನು. ಊರ ಹೊರಗೇ ತಡೆದು ಅವರನ್ನು ಹಿಂದಕ್ಕಟ್ಟಿದ್ದರೆ ಕನ್ನಡವು ಎಷ್ಟನ್ನು ಕಳೆದುಕೊಳ್ಳುತ್ತಿತ್ತು!

ಇದಕ್ಕೆ ಬಲವಾದ ಆಕ್ಷೇಪವೊಂದುಂಟು; ಅದನ್ನು ಮರೆಮಾಚುವುದು ಸತ್ಯಕ್ಕೆ ದ್ರೋಹವಾದೀತು. ಈ ತರುಣರು ಬಂದುದು ಪರಕೀಯರ ಆಳ್ವಿಕೆಯ ನೆರಳಿನಲ್ಲಿ; ನಮ್ಮ ಪೂಜೆಗಳನ್ನೂ ದೇವತೆಗಳನ್ನೂ ಅವರು ಕಟುವಾಗಿ ನಿಂದಿಸಿದುದೂ ಉಂಟು. ಹಸಿದವನ ಹಸಿವನ್ನೇ ಸಾಧನವಾಗಿ ಮಾಡಿಕೊಂಡು ಅವನ ನಂಬಿಕೆಯನ್ನು ಕೊಳ್ಳುವವನು ಯಾವ ಮತದವನಾದರೂ ಅತಿಥಿಯ ಪದವಿಯನ್ನು ಕಳೆದುಕೊಳ್ಳುತ್ತಾನೆ. ಬಲಾತ್ಕಾರವನ್ನೂ ಆಮಿಷವನ್ನೂ ತಡೆಯುವುದು ಗೃಹಸ್ಥನ ಹಕ್ಕೂ ಹೌದು, ಕರ್ತವ್ಯವೂ ಹೌದು. ಆದರೆ ಮಾತಿಗೆ ಮಾತೇ ಉತ್ತರವಾಗಬೇಕು. ಒಬ್ಬ ಯುವಕನ ಬೋಧೆಗೆ ನಮ್ಮ ಧರ್ಮವು ನಡುಗುವುದಾದರೆ ನಾವು ಮೊದಲು ಪರೀಕ್ಷಿಸಬೇಕಾದುದು ನಮ್ಮ ಅನುಷ್ಠಾನವನ್ನು. ನಮ್ಮವರೊಬ್ಬರನ್ನು ನಾವು ದೇಗುಲದ ಹೊಸ್ತಿಲಾಚೆ ನಿಲ್ಲಿಸಿದ್ದೆವೆಂದರೆ, ಅವರನ್ನು ಒಳಗೆ ಕರೆದವನ ಮೇಲೆ ಸಿಟ್ಟಾಗುವ ಅಧಿಕಾರ ನಮಗೆಲ್ಲಿಂದ ಬಂದಿತು?

ಕಠೋಪನಿಷತ್ತಿನ ನಚಿಕೇತನ ಆಖ್ಯಾನವನ್ನು ಈ ದೃಷ್ಟಿಯಿಂದ ನೆನೆಯಬೇಕು. ಅಪರಿಚಿತ ಲೋಕಕ್ಕೆ ಬಂದ ಆ ಬಾಲಕನು ಮೂರು ರಾತ್ರಿ ಅನ್ನವಿಲ್ಲದೆ ಯಮನ ಮನೆಯಲ್ಲಿ ಕಾಯುತ್ತಾನೆ. ಮರಳಿ ಬಂದ ಯಮನು, ಮೃತ್ಯುವೇ ಆಗಿದ್ದರೂ, ಅತಿಥಿಯನ್ನು ಉಪವಾಸವಿರಿಸಿದುದಕ್ಕಾಗಿ ಬಾಲಕನಿಗೆ ನಮಸ್ಕರಿಸಿ ಮೂರು ವರಗಳನ್ನೀಯುತ್ತಾನೆ. ಆತ್ಮವಿದ್ಯೆಯ ಆ ಮಹಾಸಂವಾದವು ಆರಂಭವಾಗುವುದು ಸತ್ಕಾರದ ಲೋಪವು ತೀರಿದ ಮೇಲೆಯೇ. ನಮ್ಮ ಹಳ್ಳಿಗಳಲ್ಲಿ ಇಂದಿಗೂ ಬಂದವರಿಗೆ “ಬರ್ರಿ, ಕುಂಡ್ರಿ, ನೀರು ಕುಡೀರಿ” ಎಂದು ಹೇಳಿದ ಮೇಲೆಯೇ ಯಾವೂರು, ಏನು ಬಂದಿರಿ ಎಂಬ ಪ್ರಶ್ನೆ ಏಳುತ್ತದೆ. ಉಪನಿಷತ್ತಿನ ಕ್ರಮವೂ ಇದೇ.

ನಮ್ಮವರು ಹೊರನಾಡಿಗೆ ಹೋದಾಗ ನಾವು ಬಯಸುವುದಾದರೂ ಏನನ್ನು? 1892ರಲ್ಲಿ ಬೆಳಗಾವಿಗೆ ಬಂದುಹೋದ ಯುವಸಂನ್ಯಾಸಿ ವಿವೇಕಾನಂದರು ಮರುವರ್ಷ ಚಿಕಾಗೊ ನಗರದಲ್ಲಿ ದಣಿದು ಬೀದಿಯ ಬದಿಯಲ್ಲಿ ಕುಳಿತಿದ್ದಾಗ, ಎದುರುಮನೆಯ ಶ್ರೀಮತಿ ಹೇಲ್ ಎಂಬ ಕ್ರೈಸ್ತ ಗೃಹಿಣಿ ಅವರನ್ನು ಒಳಗೆ ಕರೆದು ಉಪಚರಿಸಿ ಅಲ್ಲಿಯ ಸರ್ವಧರ್ಮ ಸಮ್ಮೇಳನಕ್ಕೆ ತಲಪಿಸಿದಳು. ಆ ತಾಯಿಯನ್ನು ಕೃತಜ್ಞತೆಯಿಂದ ನೆನೆಯುವ ನಾವು, ಅಂಥದೇ ಹರೆಯದ ಪರದೇಶಿಯೊಬ್ಬನು ನಮ್ಮ ಓಣಿಗೆ ಬಂದಾಗ ಬಾಗಿಲಿಕ್ಕಿದರೆ ಅದು ನ್ಯಾಯವೆ?

ಆಲಿಸುವ ಶಕ್ತಿ ಈ ಸೀಮೆಗೆ ಹೊಸದಾಗಿ ಬರಬೇಕಾಗಿಲ್ಲ. ತಿಕೋಟೆ ತಾಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ಬಾಳಿ, 2023ರ ಜನವರಿ 2ರಂದು ದೇಹವಿಟ್ಟ ಸಿದ್ಧೇಶ್ವರ ಸ್ವಾಮಿಗಳು ಉಪನಿಷತ್ತನ್ನೂ ವಚನವನ್ನೂ ಹೇಳುತ್ತ, ಅನ್ಯದೇಶದ ಜ್ಞಾನಿಗಳ ಮಾತನ್ನೂ ಅಷ್ಟೇ ಆದರದಿಂದ ಎತ್ತಿಕೊಳ್ಳುತ್ತಿದ್ದರು. ಬೆಳಗಿನ ಆ ಪ್ರವಚನಗಳಿಗೆ ಹೊಲಮನೆಗಳ ಕೆಲಸವಿದ್ದ ಸಹಸ್ರಾರು ಜನರು ಬಂದು ಮೌನವಾಗಿ ಕುಳಿತು ಕೇಳುತ್ತಿದ್ದರು. ಹಾಗೆ ಕೇಳಬಲ್ಲ ಜನರು ಹೊಸ ಬೋಧಕನಿಗೆ ಅಂಜಬೇಕಾದುದಿಲ್ಲ. ಅವನಿಗೆ ಮೊದಲು ರೊಟ್ಟಿಯನ್ನಿಡೋಣ. ಕನ್ನಡವನ್ನು ಚೆನ್ನಾಗಿ ಕಲಿಸೋಣ. ಅವನ ಮಾತನ್ನು ಕೊನೆಯವರೆಗೂ ಕೇಳಿ, ಬಳಿಕ ನಮ್ಮ ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳೋಣ. ಅವನು ನಮ್ಮಲ್ಲೊಬ್ಬರನ್ನೂ ಬದಲಿಸದೆ, ನಾವು ಅವನನ್ನು ಬದಲಿಸದೆ, ಇಬ್ಬರೂ ತಂತಮ್ಮ ದೇವರನ್ನು ಮೊದಲಿಗಿಂತ ಆಳವಾಗಿ ಅರಿತು ಬೀಳ್ಕೊಂಡರೂ ಆ ಸ್ವಾಗತವು ಸಾರ್ಥಕವಾಯಿತೆಂದೇ ನಾನು ಎಣಿಸುತ್ತೇನೆ.