ಉಂಡವನ ಸಾಕ್ಷ್ಯ

ಒಬ್ಬನು ತಾನು ಉಂಡ ಊಟದ ಬಗೆಗೆ ಇನ್ನೊಬ್ಬನಿಗೆ ಹೇಳುವುದು ಮನುಷ್ಯ ಸಮಾಜದಷ್ಟೇ ಹಳೆಯದಾದ ವ್ಯವಹಾರ. ಪರಸ್ಥಳಕ್ಕೆ ಹೊರಟವನು ಅಲ್ಲಿಗೆ ಹೋಗಿಬಂದವರನ್ನು ವಿಚಾರಿಸುತ್ತಿದ್ದನು. ಯಾವ ಖಾನಾವಳಿಯಲ್ಲಿ ರೊಟ್ಟಿ ಬಿಸಿಯಾಗಿರುತ್ತದೆ, ಯಾವ ಅಂಗಡಿಯಲ್ಲಿ ತೂಕ ಸರಿಯಾಗಿದೆ, ಯಾವ ಛತ್ರದಲ್ಲಿ ನೀರಿನ ಅನುಕೂಲವಿದೆ ಎಂಬುದನ್ನು ಹೀಗೆ ಬಾಯಿಂದ ಬಾಯಿಗೆ ಬಂದ ಮಾತಿನಿಂದಲೇ ತಿಳಿಯಬೇಕಾಗಿದ್ದಿತು. ಅಲ್ಲಿ ಕೇಳಿದವನಿಗೂ ಹೇಳಿದವನಿಗೂ ಪರಿಚಯವಿದ್ದಿತು. ಹೇಳುವವನು ಸಣ್ಣದನ್ನು ದೊಡ್ಡದು ಮಾಡುವವನೋ, ಮಾತನ್ನು ತೂಗಿ ಆಡುವವನೋ ಎಂಬುದು ಗೊತ್ತಿದ್ದುದರಿಂದ ಆ ಮಾತನ್ನು ಎಷ್ಟು ಸೋಸಿ ಸ್ವೀಕರಿಸಬೇಕೆಂಬುದೂ ತಿಳಿದಿರುತ್ತಿದ್ದಿತು.

ಇಂದು ಈ ವ್ಯವಹಾರದ ಸ್ವರೂಪವೇ ಬದಲಾಗಿದೆ. ಅಮೆರಿಕೆಯ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ 2004ರಲ್ಲಿ ಯೆಲ್ಪ್ ಎಂಬ ಸಂಸ್ಥೆಯು ಊರೂರಿನ ಅಂಗಡಿ ಹೋಟೆಲುಗಳ ಬಗೆಗೆ ಜನರ ಅಭಿಪ್ರಾಯಗಳನ್ನು ಅಂತರ್ಜಾಲದಲ್ಲಿ ಸಂಗ್ರಹಿಸಲು ತೊಡಗಿತು. ನಮ್ಮ ದೇಶದಲ್ಲಿ ಝೊಮ್ಯಾಟೊ ಎಂದು ಹೆಸರಾದ ಸಂಸ್ಥೆಯು 2008ರಲ್ಲಿ ದಿಲ್ಲಿಯಲ್ಲಿ ಬೇರೊಂದು ಹೆಸರಿನಿಂದ ಆರಂಭವಾಯಿತು. ಗೂಗಲ್ಲಿನ ನಕ್ಷೆಯಲ್ಲಂತೂ ಹಿಟ್ಟಿನ ಗಿರಣಿ, ಕ್ಷೌರದಂಗಡಿ, ಕಲ್ಯಾಣಮಂಟಪಗಳಿಗೂ ಒಂದರಿಂದ ಐದರವರೆಗೆ ನಕ್ಷತ್ರಗಳನ್ನು ಕೊಡುವ ಅವಕಾಶವಿದೆ. ಹೇಳುವವನ ಮುಖ ಕೇಳುವವನಿಗೆ ಕಾಣುವುದಿಲ್ಲ. ಕೇಳುವವರೆಷ್ಟು ಜನರೆಂಬುದು ಹೇಳುವವನಿಗೆ ತಿಳಿಯುವುದಿಲ್ಲ. ಅಂದು ಗಾಳಿಯಲ್ಲಿ ಕರಗುತ್ತಿದ್ದ ಮಾತು ಇಂದು ವರ್ಷಗಟ್ಟಲೆ ಹಾಗೆಯೇ ಉಳಿಯುತ್ತದೆ. ಆದುದರಿಂದ, ಅನ್ಯರ ಜೀವನೋಪಾಯದ ಮೇಲೆ ಹೀಗೆ ಬಹಿರಂಗವಾಗಿ ಮಾತನಾಡುವುದು ಯುಕ್ತವೆ, ಯುಕ್ತವಾದರೆ ಅದರ ನಿಯಮವೇನು ಎಂಬುದು ವಿಚಾರಾರ್ಹವಾದ ಪ್ರಶ್ನೆಯಾಗಿದೆ.

ಈ ವಿಷಯದಲ್ಲಿ ಎರಡು ಬಗೆಯ ನಿಲುವುಗಳು ಕಂಡುಬರುತ್ತವೆ. ಮೊದಲನೆಯದು ಸಾಧುಸ್ವಭಾವದವರದು: “ಪರನಿಂದೆ ನಮಗೇಕೆ? ರುಚಿಸದಿದ್ದರೆ ಮತ್ತೆ ಅಲ್ಲಿಗೆ ಹೋಗದಿದ್ದರಾಯಿತು.” ಎರಡನೆಯದು ಹಕ್ಕಿನ ಮಾತು: “ಹಣ ಕೊಟ್ಟಿದ್ದೇನೆ, ತೋಚಿದ್ದನ್ನು ಬರೆಯುವ ಅಧಿಕಾರ ನನಗಿದೆ.” ಮೇಲ್ನೋಟಕ್ಕೆ ಮೊದಲನೆಯದು ಸೌಜನ್ಯವೆಂದೂ ಎರಡನೆಯದು ನ್ಯಾಯವೆಂದೂ ತೋರುತ್ತದೆ. ಪರಿಶೀಲಿಸಿದರೆ ಎರಡರಲ್ಲಿಯೂ ದೋಷವಿದೆ.

ಮೌನವನ್ನೇ ಮೊದಲು ನೋಡೋಣ. ಹಳಸಿದ ಅನ್ನವನ್ನು ಬಡಿಸಿದ ಹೋಟೆಲಿನಿಂದ ಒಬ್ಬನು ಸುಮ್ಮನೆ ಎದ್ದುಬಂದನೆಂದು ಇಟ್ಟುಕೊಳ್ಳೋಣ. ತಾನು ಕ್ಷಮಿಸಿದೆನೆಂದು ಅವನು ಭಾವಿಸಬಹುದು. ಆದರೆ ಅವನು ಕ್ಷಮಿಸಬಲ್ಲುದು ತನಗಾದ ಕೆಡುಕನ್ನು ಮಾತ್ರ. ಅವನ ಬಳಿಕ ಅದೇ ಎಲೆಯ ಮುಂದೆ ಕುಳಿತುಕೊಳ್ಳುವ ಮುದುಕನಿಗೋ ಮಗುವಿಗೋ ಆಗಲಿರುವ ಕೆಡುಕನ್ನು ಕ್ಷಮಿಸುವ ಅಧಿಕಾರವನ್ನು ಅವನಿಗೆ ಯಾರು ಕೊಟ್ಟರು? ತೂಕದಲ್ಲಿ ಮೋಸ, ಕಲಬೆರಕೆ, ಅಶುಚಿ ಇವುಗಳನ್ನು ಕಂಡೂ ಸುಮ್ಮನಿರುವುದು ತನ್ನ ನಷ್ಟವನ್ನು ಮುಂದಿನವನ ಹೆಗಲಿಗೆ ದಾಟಿಸುವುದೇ ಆಗುತ್ತದೆ. ಇಂಥ ಮೌನವನ್ನು ಔದಾರ್ಯವೆಂದು ಕರೆಯಲಾಗದು.

ಇನ್ನು ಹಕ್ಕಿನ ಮಾತು. ಗಿರಾಕಿಯು ಕೊಟ್ಟ ಹಣಕ್ಕೆ ಊಟ ದೊರೆಯಿತು. ಅಂಗಡಿಯವನ ಮಾನ ಆ ಹಣಕ್ಕೆ ಮಾರಾಟವಾಗಲಿಲ್ಲ. ಬರವಣಿಗೆಯ ಬಲವೆಷ್ಟೆಂಬುದನ್ನು ತಿಳಿದರೆ ಈ ಭೇದವು ಸ್ಪಷ್ಟವಾಗುತ್ತದೆ. ಹಾರ್ವರ್ಡ್ ವಿದ್ಯಾಲಯದ ಮೈಕೇಲ್ ಲೂಕಾ ಎಂಬವರು ಸಿಯಾಟಲ್ ನಗರದ ಉಪಾಹಾರ ಗೃಹಗಳನ್ನು ಅಭ್ಯಸಿಸಿ 2011ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಯೆಲ್ಪ್‌ನಲ್ಲಿ ಒಂದು ನಕ್ಷತ್ರದ ಹೆಚ್ಚಳವು ಶೇಕಡಾ 5ರಿಂದ 9ರಷ್ಟು ವರಮಾನದ ಹೆಚ್ಚಳಕ್ಕೆ ಕಾರಣವಾಗುತ್ತದೆ. ಅದಕ್ಕಿಂತ ಮುಖ್ಯವಾದುದು ಇನ್ನೊಂದಿದೆ: ಈ ಪರಿಣಾಮವು ಕಂಡುಬಂದುದು ಸ್ವತಂತ್ರವಾಗಿ ನಡೆಯುವ ಹೋಟೆಲುಗಳಲ್ಲಿ; ಊರೂರಿಗೆ ಶಾಖೆಗಳುಳ್ಳ ದೊಡ್ಡ ಸಂಸ್ಥೆಗಳಿಗೆ ಅದು ತಟ್ಟಲಿಲ್ಲ.

ಸರಳವಾದ ಗಣಿತವೂ ಇದನ್ನೇ ಹೇಳುತ್ತದೆ. ಹತ್ತು ಮಂದಿ ಬರೆದು 4.8ರ ಸರಾಸರಿಯನ್ನು ಪಡೆದ ಚಿಕ್ಕ ಖಾನಾವಳಿಗೆ ಹನ್ನೊಂದನೆಯವನು ಒಂದೇ ನಕ್ಷತ್ರ ಕೊಟ್ಟರೆ ಸರಾಸರಿಯು 4.5ಕ್ಕಿಂತ ಕೆಳಗಿಳಿಯುತ್ತದೆ. ಸಾವಿರ ಮಂದಿಯಿಂದ ಅದೇ 4.8ನ್ನು ಪಡೆದ ದೊಡ್ಡ ಹೋಟೆಲಿಗೆ ಅದೇ ಒಂದು ನಕ್ಷತ್ರ ಬಿದ್ದರೆ ಅಂಕಿಯು ಕದಲಿದ್ದೂ ಕಾಣುವುದಿಲ್ಲ. ಒಂದೇ ಕೈಯಿಂದ ಎಸೆದ ಒಂದೇ ಕಲ್ಲು. ಆದರೆ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದು ಮಕ್ಕಳನ್ನು ಓದಿಸುತ್ತಿರುವ ತಾಯಿಗೆ ತಾಗುವ ಪೆಟ್ಟೇ ಬೇರೆ, ಸಿರಿವಂತರ ಗೋಡೆಗೆ ತಾಗುವ ಪೆಟ್ಟೇ ಬೇರೆ.

ಹಾಗಾದರೆ ಮೌನವೂ ಸಲ್ಲದು, ಮನಬಂದ ಮಾತೂ ಸಲ್ಲದು. ಇವೆರಡರ ನಡುವೆ ಇರುವ ಸ್ಥಾನವು ಸಾಕ್ಷಿಯದು. ಬರೆಯುವವನು ನ್ಯಾಯಾಧೀಶನಲ್ಲ, ಸಾಕ್ಷಿದಾರನು ಎಂದು ಒಪ್ಪಿಕೊಂಡರೆ ಅವನ ಕರ್ತವ್ಯಗಳು ತಾವಾಗಿಯೇ ತಿಳಿಯುತ್ತವೆ.

ಸಾಕ್ಷಿಯು ಕಂಡುದನ್ನು ಮಾತ್ರ ಹೇಳತಕ್ಕದ್ದು. “ಮಧ್ಯಾಹ್ನ ಎರಡು ಗಂಟೆಗೆ ಹೋಗಿದ್ದೆ, ಪಲ್ಯ ತಣ್ಣಗಾಗಿತ್ತು, ಕೇಳಿದರೂ ಬಿಸಿ ಮಾಡಿಕೊಡಲಿಲ್ಲ” ಎಂಬುದು ಸಾಕ್ಷ್ಯ. “ಇವರು ಜನರನ್ನು ಸುಲಿಯುವವರು” ಎಂಬುದು ತೀರ್ಪು. ಮೊದಲನೆಯದನ್ನು ಓದಿದವನು ತಾನೇ ಯೋಚಿಸಿ ನಿರ್ಧರಿಸಬಲ್ಲನು, ಅಂಗಡಿಯವನು ತಿದ್ದಿಕೊಳ್ಳಬಲ್ಲನು. ಎರಡನೆಯದರಿಂದ ಓದುವವನಿಗೆ ತಿಳಿವಿಲ್ಲ, ತಪ್ಪಿದವನಿಗೆ ದಾರಿಯಿಲ್ಲ.

ಸಾಕ್ಷಿಯು ಮಾರಾಟವಾಗಬಾರದು. ಲಂಡನ್ನಿನ ಡಲ್ವಿಚ್ ಎಂಬ ಭಾಗದಲ್ಲಿ ಊಬಾ ಬಟ್ಲರ್ ಎಂಬಾತನು 2017ರಲ್ಲಿ ತಾನು ವಾಸವಾಗಿದ್ದ ಗುಡಿಸಲನ್ನೇ ಉಪಾಹಾರ ಗೃಹವೆಂದು ಟ್ರಿಪ್ ಅಡ್ವೈಸರ್ ಜಾಲತಾಣದಲ್ಲಿ ನೋಂದಾಯಿಸಿ, ಸ್ನೇಹಿತರಿಂದ ಸುಳ್ಳು ಪ್ರಶಂಸೆಗಳನ್ನು ಬರೆಸಿದನು. ಒಲೆಯನ್ನೇ ಹಚ್ಚದ ಆ ಹೋಟೆಲು ಅದೇ ವರ್ಷದ ನವೆಂಬರ್ ವೇಳೆಗೆ ಲಂಡನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು! ಇಂಥದನ್ನು ತಡೆಯಲು ಕಾನೂನುಗಳು ಬಂದಿವೆ. ನಮ್ಮಲ್ಲಿ 2020ರ ಇ-ವಾಣಿಜ್ಯ ನಿಯಮಗಳು ಮಾರಾಟಗಾರನು ಗ್ರಾಹಕನ ವೇಷ ಧರಿಸಿ ಅಭಿಪ್ರಾಯ ಬರೆಯುವುದನ್ನು ನಿಷೇಧಿಸಿವೆ; 2022ರಲ್ಲಿ ಭಾರತೀಯ ಮಾನಕ ಸಂಸ್ಥೆಯು ಇಂಥ ಅಭಿಪ್ರಾಯಗಳ ಸಂಗ್ರಹ ಮತ್ತು ಪ್ರಕಟಣೆಗೆ ಐಎಸ್ 19000 ಎಂಬ ಮಾನಕವನ್ನು ಹೊರಡಿಸಿತು. ಆದರೆ ಐದು ನಕ್ಷತ್ರ ಕೊಟ್ಟು ಮೊಬೈಲನ್ನು ತೋರಿಸಿದವನಿಗೆ ಒಂದು ಜಾಮೂನು ಉಚಿತವೆಂದರೆ, ಆ ಜಾಮೂನಿಗೆ ಕೈ ಚಾಚುವವನನ್ನು ಯಾವ ಕಾನೂನು ಹಿಂಬಾಲಿಸೀತು? ಸಾವಿರ ರೂಪಾಯಿಗೆ ಸಾಕ್ಷಿ ಮಾರುವವನಿಗೂ ಒಂದು ಜಾಮೂನಿಗೆ ಮಾರುವವನಿಗೂ ಬೆಲೆಯಲ್ಲಿ ವ್ಯತ್ಯಾಸವೇ ಹೊರತು ಕೃತ್ಯದಲ್ಲಿಲ್ಲ.

ಸಾಕ್ಷಿಗೆ ಅಳತೆಯ ವಿವೇಕವಿರಬೇಕು. ಪ್ರತಿಯೊಂದನ್ನೂ ಅದು ಕೊಡುತ್ತೇನೆಂದುದರಿಂದ ಅಳೆಯಬೇಕು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಗಳನ್ನು ಅಗ್ಗದ ಬೆಲೆಗೆ ಶುಚಿಯಾಗಿ ಬಡಿಸುವ ಖಾನಾವಳಿಯಲ್ಲಿ ತಂಪು ಹವೆಯ ಯಂತ್ರವಿಲ್ಲವೆಂದು ನಕ್ಷತ್ರ ಕಳೆಯುವುದು ಅಳತೆಗೋಲಿನ ದೋಷ. ಹಾಗೆಯೇ ತಪ್ಪು ಯಾರದೆಂದು ತಿಳಿಯದೆ ಮಾಣಿಯ ಹೆಸರೆತ್ತಿ ಬರೆಯುವುದು ಘೋರವಾದುದು. ಅಡುಗೆ ತಡವಾದುದು ಒಳಗೆ ಜನ ಸಾಲದುದರಿಂದ ಇರಬಹುದು. ಜನರನ್ನು ನೇಮಿಸದವನು ಗಲ್ಲಾದ ಹಿಂದೆ ಕುಳಿತಿರುತ್ತಾನೆ. ಕೆಲಸ ಕಳೆದುಕೊಳ್ಳುವವನು ನೀರಿನ ಲೋಟ ತಂದಿಟ್ಟ ಹುಡುಗ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ದೋಷವನ್ನು ಮೊದಲು ಅಂಗಡಿಯವನಿಗೇ ಮುಖತಃ ಹೇಳುವುದು ಸಜ್ಜನಿಕೆಯಲ್ಲವೆ? ಸಾಮಾನ್ಯವಾದ ಲೋಪಗಳಲ್ಲಿ ಖಂಡಿತವಾಗಿಯೂ ಹೌದು. ಉಪ್ಪು ಹೆಚ್ಚಾದುದನ್ನು ಊರಿಗೆ ಸಾರುವ ಮುನ್ನ ಅಡುಗೆಯವನಿಗೆ ಹೇಳಬೇಕು. ಆದರೆ ಮುಖತಃ ಹೇಳುವ ಶಕ್ತಿ ಎಲ್ಲರಿಗೂ ಸಮಾನವಾಗಿಲ್ಲ. ಒಂಟಿಯಾಗಿ ಪ್ರಯಾಣ ಮಾಡುವ ಹೆಣ್ಣುಮಗಳು ಅವಮಾನಗೊಂಡಾಗ, ಜಾತಿಯನ್ನು ಕೇಳಿ ಒಬ್ಬನಿಗೆ ಬೇರೆ ಲೋಟವಿಟ್ಟಾಗ, ಅವರು ಎದುರುನಿಂತು ವಾದಿಸಬೇಕೆನ್ನುವುದು ಕ್ರೌರ್ಯವಾದೀತು. ಅಂಗಡಿ, ಹೋಟೆಲುಗಳಲ್ಲಿ ಜಾತಿ ಮತಗಳ ಕಾರಣದಿಂದ ಪ್ರವೇಶವನ್ನು ನಿರಾಕರಿಸಬಾರದೆಂದು ಸಂವಿಧಾನದ 15ನೆಯ ಅನುಚ್ಛೇದ ಹೇಳುತ್ತದೆ. ಅಸ್ಪೃಶ್ಯತೆಯ ಇಂಥ ಆಚರಣೆಯನ್ನು 1955ರ ಅಧಿನಿಯಮವು ಶಿಕ್ಷಾರ್ಹವೆಂದು ಸಾರಿದೆ. ಆದರೂ ಇಂಥವರ ನೋವು ಬಹುಕಾಲ ನಾಲ್ಕು ಗೋಡೆಗಳ ನಡುವೆಯೇ ಉಳಿಯುತ್ತಿದ್ದಿತು. ಬಲಹೀನರ ಮಾತಿಗೂ ನಾಲ್ಕು ಜನರ ಕಿವಿ ದೊರೆಯುವಂತಾದುದು ಈ ಹೊಸ ಸಾಧನದ ನಿಜವಾದ ಉಪಕಾರ. ಆದುದರಿಂದ ಲೋಪವನ್ನು ಮೊದಲು ಅಂಗಡಿಯಲ್ಲಿ ಹೇಳಬೇಕು. ಅನ್ಯಾಯವನ್ನೂ ಅಪಾಯವನ್ನೂ ಬಯಲಿನಲ್ಲಿ ಹೇಳಬಹುದು, ಅಧಿಕಾರಿಗಳಿಗೂ ತಿಳಿಸಬೇಕು.

ಇನ್ನೆರಡು ಋಣಗಳು ಉಳಿಯುತ್ತವೆ. ಮೊದಲನೆಯದು ಪ್ರಶಂಸೆಯ ಋಣ. ತೃಪ್ತನಾದವನು ಕೈ ತೊಳೆದು ಮನೆಗೆ ಹೋಗುತ್ತಾನೆ. ಸಿಟ್ಟುಗೊಂಡವನು ಬೀದಿಯಲ್ಲಿಯೇ ನಿಂತು ಬರೆಯುತ್ತಾನೆ. ಹೀಗಾದರೆ ಊರಿನ ದಾಖಲೆಯಲ್ಲಿ ಕೋಪ ಮಾತ್ರ ಉಳಿಯುತ್ತದೆ. ಕೆಡುಕಿಗೆ ಸಾಕ್ಷಿಯಾಗುವವನು ಒಳಿತಿಗೂ ಸಾಕ್ಷಿಯಾಗಬೇಡವೆ? ಎರಡನೆಯದು ತಿದ್ದುಪಡಿಯ ಋಣ. ಅಡುಗೆಯವನು ಬದಲಾಗುತ್ತಾನೆ, ಮಾಲಿಕನು ಎಚ್ಚತ್ತುಕೊಳ್ಳುತ್ತಾನೆ. ಬರೆದ ಮಾತು ಮಾತ್ರ ಬದಲಾಗದೆ ನಿಂತಿರುತ್ತದೆ. ತಪ್ಪು ಸರಿಹೋದುದನ್ನು ಕಂಡವನು ತನ್ನ ಮಾತನ್ನೂ ಸರಿಪಡಿಸಬೇಕು.

ಅಂಗಡಿಯವನಿಗೂ ಕರ್ತವ್ಯವಿದೆ. 1924ರಲ್ಲಿ ಆರಂಭವಾದ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್‌ನಲ್ಲಿ ಗಿರಾಕಿಗಳು ಅಡುಗೆಮನೆಯನ್ನು ಹಾದು ಊಟದ ಕೋಣೆಗೆ ಹೋಗುವ ಪದ್ಧತಿ ಬಹುಕಾಲ ಇದ್ದಿತು. ನಿಂದೆಗೆ ಹೆದರುವುದಕ್ಕಿಂತ, ಹೊಗಳಿಕೆಯನ್ನು ಕೊಳ್ಳುವುದಕ್ಕಿಂತ, ಬಾಗಿಲನ್ನು ತೆರೆದಿಟ್ಟು ನೋಡಿರೆನ್ನುವುದು ಲೇಸು.

ಬೆರಳು ಅಕ್ಷರವನ್ನು ಒತ್ತುವ ಮುನ್ನ ಪ್ರತಿಯೊಬ್ಬನೂ ತನ್ನನ್ನು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಈ ಮಾತನ್ನು ಆ ಅಂಗಡಿಯವನೆದುರು ಆಡುವ ಧೈರ್ಯ ನನಗಿಲ್ಲದಿರಬಹುದು. ಆದರೆ ಆಡಿದ ಪಕ್ಷದಲ್ಲಿ, “ಇದು ನಡೆದದ್ದು ನಿಜ” ಎಂದು ಅವನ ಅಂತಃಕರಣವೂ ಒಪ್ಪೀತೆ? ಒಪ್ಪೀತೆಂಬ ನಂಬಿಕೆಯಿದ್ದರೆ ಬರೆಯಲಿ. ಇಲ್ಲವಾದರೆ, ಉಂಡ ಎಲೆಯನ್ನು ಮಡಿಸಿ ಏಳುವಷ್ಟೇ ಶಾಂತವಾಗಿ ಮಾತನ್ನೂ ಮಡಿಸಿಡಲಿ.